ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ವಾಸದ ಇತಿಹಾಸ

ದಾಂಡೇಲಿಯ ಬಂಗೂರನಗರವು 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ನೌಕರರ ವಸತಿಗೆಂದು ಬೆಳೆದ ನೆಲೆ. ಅಲ್ಲಿ ಮನೆಯು ಮನೆಯಾಗಿಯೇ ಹುಟ್ಟಿತು. ಸರಕಿಗೆಂದು ಕಟ್ಟಿದ ಕಟ್ಟಡದಲ್ಲಿ ಮುಂದೆ ಸಂಸಾರಗಳು ನೆಲೆಸುವುದೂ ಉಂಟು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಟ್ಲರ್ಸ್ ವಾರ್ಫ್ ಎಂಬ ಉಗ್ರಾಣಗಳ ಸಮೂಹವು 1972ರಲ್ಲಿ ಮುಚ್ಚಿತು; 1980ರ ದಶಕದಿಂದೀಚೆಗೆ ಅವು ಬೆಲೆಬಾಳುವ ಮನೆಗಳಾದವು. ಕನ್ನಡನಾಡಿನಲ್ಲಿ ಇದಕ್ಕೆ ಸಮೀಪದ ನಿದರ್ಶನವೆಂದರೆ ಹಂಪೆಯ ವಿರೂಪಾಕ್ಷ ಬಜಾರು. ಆದರೆ ಇಲ್ಲಿ ನೆಲೆಸಿದವರು ಬಡವರು.

ವಿರೂಪಾಕ್ಷ ದೇವಾಲಯದ ಮುಂದಿನಿಂದ ಪೂರ್ವಕ್ಕೆ ಎದುರು ಬಸವಣ್ಣನವರೆಗೆ ಚಾಚಿರುವ ಈ ರಥಬೀದಿಯ ಇಕ್ಕೆಲಗಳಲ್ಲಿಯೂ ಕಲ್ಲುಕಂಬದ ಸಾಲುಮಂಟಪಗಳಿವೆ, ಕೆಲವು ಎರಡಂತಸ್ತಿನವು. ಕಂಬ, ಬೋದಿಗೆ, ತೊಲೆ, ಮೇಲೆ ಚಪ್ಪಡಿ: ರಚನೆ ಇಷ್ಟೇ. ಕಂಬಗಳ ನಡುವಣ ಅವಕಾಶಕ್ಕೆ ಅಂಕಣವೆಂದು ಹೆಸರು. ನಮ್ಮ ಹಳ್ಳಿಗಳಲ್ಲಿ ಮನೆಯ ವಿಸ್ತಾರವನ್ನು ಹೇಳುವುದೂ ಅಂಕಣಗಳ ಲೆಕ್ಕದಲ್ಲಿಯೇ. ಆದುದರಿಂದ ಮಂಟಪವು ಮನೆಯಾಗಲು ಕಂಬಗಳ ನಡುವೆ ಗೋಡೆಯೊಂದನ್ನು ಎಬ್ಬಿಸಿದರೆ ಸಾಕಾಗಿತ್ತು.

1565ರ ಯುದ್ಧದ ತರುವಾಯ ರಾಜಧಾನಿ ಹಾಳಾಯಿತು. ವಿರೂಪಾಕ್ಷನ ಪೂಜೆ ಮಾತ್ರ ಉಳಿದುಬಂದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಾತ್ರಿಕರನ್ನೂ ಪ್ರವಾಸಿಗರನ್ನೂ ನಂಬಿ ಬದುಕುವ ಕುಟುಂಬಗಳು ಮಂಟಪಗಳನ್ನು ತುಂಬಿದವು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ. 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2002ರ ಅಧಿನಿಯಮದಿಂದ ಅದಕ್ಕೆ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರ ದೊರೆಯಿತು. 2011ರ ಜುಲೈ 29ರಂದು ಬಜಾರಿನ ಮನೆಗಳನ್ನು ಕೆಡವಲಾಯಿತು. ಮುನ್ನೂರಕ್ಕೂ ಮಿಕ್ಕ ಕುಟುಂಬಗಳು ನೆಲೆ ಕಳೆದುಕೊಂಡವು.

ಕೆಡವಿದುದಕ್ಕೆ ಕಾರಣವಿಲ್ಲದಿರಲಿಲ್ಲ. ಕಾಂಕ್ರೀಟು, ಬಣ್ಣ, ಮೊಳೆ ಇವುಗಳಿಂದ ಪ್ರಾಚೀನ ಶಿಲೆಗೆ ಆಗುವ ಹಾನಿ ಅಲ್ಪವಲ್ಲ. ಆದರೆ ಬಜಾರನ್ನು ಮೂಲಸ್ಥಿತಿಗೆ ತರುವುದೆಂಬ ವಾದವನ್ನು ಇತಿಹಾಸದ ವಿದ್ಯಾರ್ಥಿಯು ಹಾಗೆಯೇ ಒಪ್ಪಲಾಗದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಈ ದೇವಾಲಯದ ಮುಂದಿನ ಬೀದಿಯನ್ನು ವರ್ಣಿಸುವಾಗ ಮೊಗಸಾಲೆಗಳುಳ್ಳ ಸುಂದರ ಮನೆಗಳನ್ನು ಹೇಳುತ್ತಾನೆ. ಯಾತ್ರಿಕರು ಅಲ್ಲಿ ತಂಗುತ್ತಿದ್ದರು, ಉತ್ತಮ ವರ್ಗದವರಿಗೂ ಬಿಡಾರಗಳಿದ್ದವು, ಅರಸನ ಅರಮನೆಯೊಂದೂ ಅದೇ ಬೀದಿಯಲ್ಲಿತ್ತು. ಎಂದರೆ, ವ್ಯಾಪಾರದೊಡನೆ ವಾಸವೂ ಆ ಬೀದಿಗೆ ಮೊದಲಿನಿಂದ ಸೇರಿದ್ದೇ ಆಗಿತ್ತು. ಒತ್ತುವರಿಯೆಂಬುದು ಕಾನೂನಿನ ನಿರ್ಣಯ. ಬೀದಿಯ ಮೂಲಸ್ವರೂಪವನ್ನು ಅದರಿಂದ ತಿಳಿಯಲಾಗದು.

ತೆರವಾದವರಿಗೆ ನಿವೇಶನ ಗುರುತಿಸಿದ್ದು ಕೆಲವು ಕಿಲೋಮೀಟರು ದೂರದ ಕಡ್ಡಿರಾಂಪುರದಲ್ಲಿ. ಅಲ್ಲಿ ಮಂಟಪಗಳಿಲ್ಲ, ಯಾತ್ರಿಕರು ಹಾದುಹೋಗುವ ರಥಬೀದಿಯೂ ಇಲ್ಲ.