ಕಚ್ಚಿದ ಹುಳ ಗಿಡಕ್ಕೆ ಗೊತ್ತು

ಹಲಸಿನಕಾಯಿ ಹೆಚ್ಚುವ ಮೊದಲು ನಾವು ಏನು ಮಾಡುತ್ತೇವೆ? ಕೈಗೆ, ಕತ್ತಿಗೆ ಎಣ್ಣೆ ಸವರುತ್ತೇವೆ. ಇಲ್ಲದಿದ್ದರೆ ಮೇಣ ಅಂಟುತ್ತದೆ. ನಮಗೇ ಇಷ್ಟು ಕಷ್ಟ. ಇನ್ನು ಸಣ್ಣ ಹುಳದ ಗತಿ? ಅದರ ಬಾಯಿಯೇ ಅಂಟಿಕೊಳ್ಳುತ್ತದೆ. ಮೇಣ ಆ ಮರದ ಕಾವಲು. ಕೆಸುವಿನ ಎಲೆಯ ತುರಿಕೆಯೂ ಹಾಗೇ. ನಾವು ಹುಳಿ ಹಾಕಿ ಬೇಯಿಸುತ್ತೇವೆ. ಹುಳಕ್ಕೆ ಒಲೆ ಎಲ್ಲಿದೆ?

ಮೇಣ, ತುರಿಕೆ ಮೊದಲೇ ಸಿದ್ಧವಾಗಿರುತ್ತವೆ. ಹುಳ ಕಚ್ಚಿದ ಮೇಲೆ ತಯಾರಾಗುವ ಕಾವಲೂ ಇದೆ. ಹಿತ್ತಲಿನ ಟೊಮೆಟೊ ಗಿಡ ನೋಡೋಣ. ಹುಳ ಒಂದು ಎಲೆ ಕಚ್ಚುತ್ತದೆ. ಗಾಯವಾದ ಎಲೆಯಿಂದ ಸುದ್ದಿ ಹೊರಡುತ್ತದೆ. ಗಿಡಕ್ಕೆ ನಮ್ಮ ಹಾಗೆ ಮಿದುಳಿಲ್ಲ, ನರವಿಲ್ಲ. ಆದರೂ ಸುದ್ದಿ ಬೇರೆ ಎಲೆಗಳಿಗೆ ಮುಟ್ಟುತ್ತದೆ. ಕೆಲವು ಗಂಟೆಗಳಲ್ಲಿ, ಹುಳ ಮುಟ್ಟದ ಎಲೆಗಳಲ್ಲೂ ಒಂದು ವಸ್ತು ತುಂಬಿಕೊಳ್ಳುತ್ತದೆ. ಅದನ್ನು ತಿಂದ ಹುಳಕ್ಕೆ ಅಜೀರ್ಣ. ತಿಂದದ್ದು ಮೈಗೆ ಹತ್ತುವುದಿಲ್ಲ. 1972ರಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ರಯಾನ್ ಮತ್ತು ಅವರ ಜೊತೆಗಾರರು ಇದನ್ನು ತೋರಿಸಿಕೊಟ್ಟರು.

ಹುಲ್ಲು ಕೊಯ್ಯುವಾಗ ಹಸಿ ವಾಸನೆ ಬರುತ್ತದೆ ಅಲ್ವಾ? ಅದು ಗಾಯದ ವಾಸನೆ. ಭತ್ತವೂ ಹುಲ್ಲಿನ ಜಾತಿಯೇ. ಕಂದು ಜಿಗಿಹುಳ ರಸ ಹೀರಿದಾಗ ಭತ್ತದ ಪೈರಿನಿಂದಲೂ ವಾಸನೆ ಹೊರಡುತ್ತದೆ. ಅದನ್ನು ಹಿಡಿದು ಒಂದು ಕಣಜ ಬರುತ್ತದೆ. ಭತ್ತ ತುಂಬುವ ಕಣಜ ಅಲ್ಲ, ಹಾರುವ ಕಣಜ! ಸಾಸಿವೆ ಕಾಳಿಗಿಂತ ಸಣ್ಣದು. ಅದು ಜಿಗಿಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಕಣಜದ ಮರಿ ಆ ಮೊಟ್ಟೆಯನ್ನೇ ತಿಂದು ಬೆಳೆಯುತ್ತದೆ. ಆ ಮೊಟ್ಟೆಯಿಂದ ಜಿಗಿಹುಳ ಹುಟ್ಟುವುದೇ ಇಲ್ಲ.

ಗದ್ದೆಗೆ ವಿಷ ಹೊಡೆದರೆ? ನಾವು ಅದನ್ನು 'ಔಷಧಿ' ಎನ್ನುತ್ತೇವೆ. ಹೆಸರೇ ಸರಿಯಿಲ್ಲ ನೋಡಿ. ಕಣಜ ಸಾಯುತ್ತದೆ. ಜಿಗಿಹುಳ ತಿನ್ನುವ ಜೇಡವೂ ಸಾಯುತ್ತದೆ. ಪೈರು ಕರೆದರೆ ಬರುವವರು ಯಾರು? ಜಿಗಿಹುಳದ ಮೊಟ್ಟೆ ಮಾತ್ರ ಪೈರಿನ ಒಳಗೆ ಉಳಿದಿರುತ್ತದೆ. ಮರಿಗಳು ಹೊರಬಂದು ಮೊದಲಿಗಿಂತ ಹೆಚ್ಚಾಗುತ್ತವೆ. ಇಂಡೋನೇಷ್ಯಾ ದೇಶದಲ್ಲಿ ಹೀಗೇ ಆಯಿತು. 1986ರಲ್ಲಿ ಅಲ್ಲಿನ ಸರ್ಕಾರ 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಹೊಡೆಯಬಾರದು ಎಂದು ಆಜ್ಞೆ ಮಾಡಿತು.

ಬನವಾಸಿ ಕಡೆಯ ಗದ್ದೆಯಿರಲಿ, ಸಿದ್ದಾಪುರ, ಯಲ್ಲಾಪುರದ ಗದ್ದೆಯಿರಲಿ, ಬಗ್ಗಿ ಕಳೆ ಕೀಳುವವರು ನಾವು ಹೆಂಗಸರು. ಜಿಗಿಹುಳ ಕೂರುವುದು ಪೈರಿನ ಬುಡದಲ್ಲಿ, ನೀರಿನಿಂದ ಸ್ವಲ್ಪ ಮೇಲೆ. ನಮ್ಮ ಕಣ್ಣಿಗೇ ಅದು ಮೊದಲು ಬೀಳುತ್ತದೆ. ಪೈರು ಸರಿಸಿ ನೋಡೋಣ. ಜಿಗಿಹುಳ ಎಷ್ಟು, ಜೇಡ ಎಷ್ಟು, ಎಣಿಸೋಣ. ಈಗ ನಮಗೆ ಬರೆಯಲು ಬರುತ್ತದಲ್ಲ, ಚೀಟಿಯಲ್ಲಿ ಬರೆದಿಡೋಣ. ಹುಳ ತೀರಾ ಹೆಚ್ಚಾದರೆ ಗಿಡದ ಕಾವಲು ಸಾಲದು, ಅದೂ ನಿಜ. ಆಗ ಆ ಚೀಟಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗೋಣ. ಅಂಗಡಿಗೆ ಆಮೇಲೆ ಹೋದರಾಯಿತು.