ಶಾಸ್ತ್ರ ಬಿಟ್ಟವನ ಓದು

ಶಾಸ್ತ್ರ ಏನೇ ಹೇಳಲಿ, ಮನಸ್ಸಾಕ್ಷಿಗಿಂತ ದೊಡ್ಡದಲ್ಲ ಎಂದು ಸಾರುವ ಕುವೆಂಪು ಕವಿತೆಯೊಂದಿದೆ. ಭಾಷಣಕಾರರಿಗೆ ಅದು ಅಚ್ಚುಮೆಚ್ಚು, ಓದಿಗೇ ಬೆನ್ನು ಹಾಕಿದ ಕವಿತೆ ಎಂದುಕೊಂಡವರೂ ಇದ್ದಾರೆ. ಕವಿತೆಯೊಳಗಿನ ‘ನಾನು’ ಎಲ್ಲಿ ತಿರುಗಿ ನಿಲ್ಲುತ್ತಾನೆ ಎಂದು ನೋಡಿದರೆ ಹಾಗನ್ನಿಸುವುದಿಲ್ಲ. ಬಾಯಾರಿ ಬಂದವನಿಗೆ ನೀರು ಕೊಡಬೇಕು, ನೊಂದವರನ್ನು ಸಮಾಧಾನಪಡಿಸಬೇಕು. ಅಷ್ಟರಲ್ಲಿ ಮುಟ್ಟಬಾರದವರೆನಿಸಿಕೊಂಡವರ ಮಗುವೊಂದು ಕೆರೆಯಲ್ಲಿ ಮುಳುಗುತ್ತಿದೆ, ಇವನು ದಡದಲ್ಲಿದ್ದಾನೆ. ನೀರಿಗಿಳಿಯಲು ಮನುವಿನ ಅಪ್ಪಣೆ ಬೇಕೆ? ಈ ಪ್ರಶ್ನೆ ಎದ್ದ ಮೇಲೆ ಋಷಿಗಳೂ ಅವನಿಗೆ ತಮ್ಮ ಕಾಲಕ್ಕೆ ಸಲ್ಲುವುದನ್ನು ಹೇಳಿಹೋದ ಮನುಷ್ಯರಾಗಿ ಕಾಣುತ್ತಾರೆ. ಬರೆದವನೂ ಮನುಷ್ಯನೇ ಎಂದು ತಿಳಿದರೆ ಪುಸ್ತಕದೊಡನೆ ವಾದಕ್ಕಿಳಿಯಬಹುದು. ದೇವರ ಅಪ್ಪಣೆಯೊಡನೆ ವಾದ ಮಾಡುವುದುಂಟೆ!

ಪುಸ್ತಕ ಮುಚ್ಚಿಟ್ಟು ಹೊರಗೆ ಬಾ ಎಂದು ವರ್ಡ್ಸ್‌ವರ್ತ್ 1798ರಲ್ಲೇ ಗೆಳೆಯನನ್ನು ಕರೆದಿದ್ದ, ಇದೂ ಅದೇ ಜಾಡಲ್ಲವೆ ಎನ್ನಬಹುದು. ಅಲ್ಲ. ಆ ಗೆಳೆಯ ಪುಸ್ತಕಗಳಲ್ಲೇ ಮುಳುಗಿದ್ದವನು, ಅವನಿಗೆ ಬೇಕಿದ್ದದ್ದು ಬಯಲು, ಹಕ್ಕಿಯ ಹಾಡು. ನಮ್ಮಲ್ಲಿ ಶೂದ್ರನಿಗೆ ವೇದದ ಓದೇ ನಿಷಿದ್ಧವಾಗಿತ್ತು. ಅಂಥ ಕಡೆ ಶಾಸ್ತ್ರ ಬೇಡವೆನ್ನುವುದು ಓದಿ ದಣಿದವನ ಮಾತಾಗಲಾರದು.

ಇಷ್ಟು ಹೇಳಿದ ಕವಿ ಪುಸ್ತಕ ಬಿಟ್ಟರೆ? 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು, 1956ರಲ್ಲಿ ವಿಶ್ವವಿದ್ಯಾನಿಲಯದ ಕುಲಪತಿಯಾದರು, ಉನ್ನತ ಶಿಕ್ಷಣವೂ ಕನ್ನಡದಲ್ಲೇ ಸಿಗಬೇಕೆಂದು ಪಟ್ಟು ಹಿಡಿದರು. ಕವಿತೆಯ ‘ನಾನು’ ಬೇರೆ, ಕವಿ ಬೇರೆ, ಬದುಕನ್ನು ತಂದು ಕವಿತೆಗೆ ಅರ್ಥ ಹಚ್ಚಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾದರೆ ಅವರ ಕೃತಿಯನ್ನೇ ನೋಡೋಣ. ರಾಮಾಯಣದ ಹಳೆಯ ಕಥೆಯಲ್ಲಿ ತಪಸ್ಸು ಮಾಡಿದ ತಪ್ಪಿಗೆ ಶೂದ್ರ ಶಂಬೂಕ ರಾಮನ ಕತ್ತಿಗೆ ತಲೆ ಕೊಡುತ್ತಾನೆ. ‘ಶೂದ್ರ ತಪಸ್ವಿ’ ನಾಟಕದಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನ ಮೇಲೆ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಪುರಾಣದ ಕಥೆಯನ್ನು ಹೀಗೆ ಬದಲಿಸುವುದು ಸರಿಯಲ್ಲ ಎಂದರು ಮಾಸ್ತಿ. ಅದು ತಳ್ಳಿಹಾಕುವ ಮಾತೇನಲ್ಲ. ಹೇಳಲು ಹೊಸದಿದ್ದವನು ಹೊಸ ಕಥೆಯನ್ನೇ ಕಟ್ಟಬಹುದಲ್ಲ? ಕಟ್ಟಬಹುದು, ಆದರೆ ಹಳೆಯದು ಇದ್ದಂತೆಯೇ ಇರುತ್ತದೆ, ಶಂಬೂಕನ ತಲೆ ಉರುಳುತ್ತಲೇ ಇರುತ್ತದೆ. ಕುವೆಂಪು ರಾಮಾಯಣವನ್ನು ಅಟ್ಟಕ್ಕೇರಿಸದೆ ಇಡಿಯಾಗಿ ಮತ್ತೆ ಬರೆದರು. 1949ರಲ್ಲಿ ಹೊರಬಂದ ‘ಶ್ರೀರಾಮಾಯಣ ದರ್ಶನಂ’ ಅರ್ಪಿತವಾಗಿರುವುದು ಅವರಿಗೆ ಪಾಠ ಹೇಳಿದ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ.