ಬೇಲಿಯ ಸೊಪ್ಪು, ಮನೆಯ ಹಾಲು

ಹಸುವನ್ನು ಕಟ್ಟಲು ಸಾಲುವಷ್ಟು ಸ್ಥಳವಾಗಲಿ, ವರ್ಷವಿಡೀ ಒದಗುವ ಹುಲ್ಲಾಗಲಿ, ಒಮ್ಮೆಗೇ ಹೂಡಬಲ್ಲ ಹಣವಾಗಲಿ ಇಲ್ಲದ ಸಂಸಾರವೊಂದಕ್ಕೆ, ತನ್ನ ಹಿತ್ತಿಲಲ್ಲಿಯೇ ಕರೆದ ಹಾಲನ್ನು ತನ್ನ ಮಕ್ಕಳಿಗೆ ಕುಡಿಸಬೇಕೆಂಬ ಅಭಿಲಾಷೆ ಹುಟ್ಟಿದರೆ, ಅದನ್ನು ಅಲ್ಪ ವ್ಯಯದಲ್ಲಿ ಪೂರೈಸಬಲ್ಲ ಪ್ರಾಣಿ ಮೇಕೆಯೇ ಸರಿ. ಚರಕಸಂಹಿತೆಯು ಹೆಸರಿಸುವ ಎಂಟು ಬಗೆಯ ಹಾಲುಗಳಲ್ಲಿ ಆಡಿನ ಹಾಲೂ ಒಂದು. 1918ರ ತೀವ್ರ ಅಸ್ವಸ್ಥತೆಯ ಅನಂತರ, ಹಾಲನ್ನು ಮುಟ್ಟೆನೆಂಬ ವ್ರತಕ್ಕೆ ಅಂಟಿಕೊಂಡು ಚೇತರಿಸಿಕೊಳ್ಳಲಾರದೆ ಮಲಗಿದ್ದ ಗಾಂಧೀಜಿಯವರಿಗೆ, ವ್ರತವನ್ನು ತೊಟ್ಟಾಗ ಅವರ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು ಮಾತ್ರವೆಂಬುದನ್ನು ನೆನಪಿಸಿ ಮೇಕೆಯ ಹಾಲಿನ ದಾರಿಯನ್ನು ತೋರಿದವರು ಕಸ್ತೂರಬಾ. ಇಷ್ಟು ಪುರಾತನವೂ ಇಷ್ಟು ಪ್ರಸಿದ್ಧವೂ ಆದ ಈ ಹಾಲು ನಮ್ಮ ಸೀಮೆಯ ಮನೆಗಳಲ್ಲಿ ಇಂದು ಅಪರೂಪವಾಗಿರುವುದಕ್ಕೆ ಕಾರಣ ಮೇಕೆಗಳ ಕೊರತೆಯಲ್ಲ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ 14.8 ಕೋಟಿಗೂ ಅಧಿಕ ಆಡುಗಳಿದ್ದರೂ, ದೇಶದ ಒಟ್ಟು ಹಾಲಿನಲ್ಲಿ ಅವುಗಳ ಪಾಲು ನೂರಕ್ಕೆ ಮೂರರ ಆಸುಪಾಸಿನಲ್ಲಿದೆ. ಎಂದರೆ ನಮ್ಮಲ್ಲಿ ಆಡನ್ನು ಸಾಕುವವರಲ್ಲಿ ಬಹುಮಂದಿ ಅದನ್ನು ಮಾಂಸಕ್ಕಾಗಿ ಸಾಕುತ್ತಾರೆ, ಹಾಲನ್ನು ಮರಿಗೇ ಬಿಡುತ್ತಾರೆ. ಆದುದರಿಂದಲೇ ಹಾಲಿಗಾಗಿ ಮೊದಲ ಮೇಕೆಯನ್ನು ಅರಸಿ ಹೊರಟವನು ಸಂತೆಯಲ್ಲಿ ಯಾರನ್ನು ವಿಚಾರಿಸಿದರೂ, ಎಷ್ಟು ಕೆ.ಜಿ. ತೂಗೀತೆಂಬ ಉತ್ತರ ಥಟ್ಟನೆ ದೊರೆಯುವುದೇ ಹೊರತು ಎಷ್ಟು ಹಾಲು ಕೊಟ್ಟೀತೆಂಬ ಉತ್ತರ ದೊರೆಯುವುದು ಕಷ್ಟ.

ಆದರೆ ಕೊಳ್ಳುವ ಮಾತು ಆಮೇಲಿನದು. ಮೇಕೆಯನ್ನು ತರಬೇಕೆಂದಿರುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಸಂತೆಯನ್ನಲ್ಲ, ತಮ್ಮ ಮನೆಯ ಬೇಲಿಯನ್ನು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ನಂಬಿ, ಬೀದಿಯ ಕಸಕಡ್ಡಿಯನ್ನೂ ಅಡಿಗೆಮನೆಯ ಸಿಪ್ಪೆಯನ್ನೂ ತಿಂದು ಅದು ಹಾಲು ಕೊಟ್ಟೀತೆಂದು ಎಣಿಸುವವರು ಬಹಳ. ಆಡು ಎಲ್ಲವನ್ನೂ ಮುಟ್ಟುತ್ತದೆಂಬುದು ನಿಜ. ಮುಟ್ಟಿದ್ದನ್ನೆಲ್ಲ ತಿನ್ನುತ್ತದೆಂಬುದು ನಿಜವಲ್ಲ. ತುಟಿಯಿಂದ ಸವರಿ, ಮೂಸಿ, ಚಿಗುರನ್ನಷ್ಟೇ ಆಯ್ದುಕೊಂಡು ಕಡ್ಡಿಯನ್ನು ಬಿಟ್ಟು ಮುಂದಕ್ಕೆ ಸಾಗುವ ಈ ಪ್ರಾಣಿ, ತಾನೇ ನೆಲಕ್ಕೆ ಕೆಡವಿ ತುಳಿದ ಸೊಪ್ಪಿಗೆ ಎರಡನೆಯ ಸಲ ಬಾಯಿ ಹಾಕುವುದು ವಿರಳ. ಅದು ಹುಲ್ಲನ್ನು ಮೇಯುವುದಕ್ಕಿಂತ ತಲೆಯೆತ್ತಿ ಗಿಡವನ್ನು ಮೇಯಲು ಹುಟ್ಟಿದ್ದು. ಆದಕಾರಣ ಸೊಪ್ಪನ್ನು ಕಂತೆ ಕಟ್ಟಿ, ಅದರ ಮುಖಕ್ಕೆ ಎಟಕುವ ಎತ್ತರದಲ್ಲಿ ತೂಗುಹಾಕಿದರೆ ಅರ್ಧಕ್ಕರ್ಧ ನಷ್ಟ ತಪ್ಪುತ್ತದೆ.

ಸುಮಾರು 30 ಕೆ.ಜಿ. ತೂಕದ ಹಾಲಿನ ಮೇಕೆಯೊಂದಕ್ಕೆ ದಿನಕ್ಕೆ ಮೂರು ನಾಲ್ಕು ಕೆ.ಜಿ. ಹಸಿ ಸೊಪ್ಪು, ಅದರೊಡನೆ ಒಂದಿಷ್ಟು ಒಣಮೇವು, ಹಾಲನ್ನು ಅನುಸರಿಸಿ ತಿಂಡಿ ಬೇಕು. ಸೊಪ್ಪನ್ನು ನಿತ್ಯವೂ ಕೊಂಡು ತಂದು ಹಾಕುವುದಾದರೆ ಹಾಲಿನ ಲೆಕ್ಕ ನಷ್ಟದ ಲೆಕ್ಕವಾಗುತ್ತದೆ. ಅಗಸೆ, ನುಗ್ಗೆ, ಹಾಲುವಾಣ, ಗೊಬ್ಬರದ ಗಿಡವೆಂದು ರೈತರು ಕರೆಯುವ ಗ್ಲಿರಿಸಿಡಿಯಾ, ಇವುಗಳ ಕೊಂಬೆಗಳನ್ನೋ ಬೀಜಗಳನ್ನೋ ಮುಂಗಾರಿನ ಮೊದಲ ಮಳೆಗೆ ಬೇಲಿಯುದ್ದಕ್ಕೂ ಊರಿದ ಮನೆಯು ಮರುವರ್ಷದಿಂದ ಸರದಿಯ ಮೇಲೆ ಸವರಿ ಸೊಪ್ಪನ್ನು ಪಡೆಯಬಹುದು. ಹಿತ್ತಿಲಲ್ಲೊಂದು ಹಲಸಿನ ಮರವಿದ್ದರೆ ಬೇಸಿಗೆಯ ಚಿಂತೆಯೂ ಬಹುಮಟ್ಟಿಗೆ ನೀಗುತ್ತದೆ. ಸುಬಾಬುಲ್ ಸೊಪ್ಪು ಪುಷ್ಟಿಕರವಾದರೂ ಅದರಲ್ಲಿ ಮಿಮೋಸಿನ್ ಎಂಬ ವಿಷಾಂಶವಿರುವುದರಿಂದ ಒಟ್ಟು ಮೇವಿನ ಮೂರರಲ್ಲೊಂದು ಪಾಲನ್ನು ಮೀರಗೊಡಬಾರದು. ಕಣಗಿಲೆಯ ಗಿಡ ಆಡಿನ ಹಾದಿಯಲ್ಲಿ ಇರಲೇಬಾರದು. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರಿಗೆ ಅದು ಬಾಯಿ ಹಾಕಿದರೆ, ಪೈರಿನಲ್ಲಿ ಸಂಗ್ರಹವಾಗಿರುವ ವಿಷದಿಂದ ಗಳಿಗೆಯೊಳಗೆ ಪ್ರಾಣ ಹೋಗುವುದುಂಟು. ಇವೆಲ್ಲಕ್ಕಿಂತಲೂ ಸಾಧಾರಣವಾದ, ಪ್ರೀತಿಯಿಂದಲೇ ಒದಗುವ ಅಪಾಯ ಇನ್ನೊಂದಿದೆ: ಹಬ್ಬದಲ್ಲೋ ಮದುವೆಯಲ್ಲೋ ಮಿಕ್ಕ ಅನ್ನವನ್ನು ಬುಟ್ಟಿಗಟ್ಟಲೆ ಮೇಕೆಯ ಮುಂದೆ ಸುರಿಯುವುದು. ಅನ್ನ, ರಾಗಿ, ಜೋಳ ಇವುಗಳಲ್ಲಿನ ಪಿಷ್ಟ ಒಮ್ಮೆಗೇ ಹೊಟ್ಟೆ ಸೇರಿದರೆ, ಅಲ್ಲಿ ನಾರನ್ನು ಜೀರ್ಣಿಸಲು ನೆಲಸಿರುವ ಸೂಕ್ಷ್ಮಜೀವಿಗಳು ಅಳಿದು, ಆಮ್ಲ ಉಕ್ಕಿ, ಮೆಲುಕು ನಿಂತು, ಮರುದಿನದ ಹೊತ್ತಿಗೆ ಮೇಕೆ ಮೇಲೇಳದಂತಾಗುತ್ತದೆ. ಮನೆಯ ಮಕ್ಕಳಿಗೂ ಅತಿಥಿಗಳಿಗೂ ಇದನ್ನು ಮೊದಲ ದಿನವೇ ತಿಳಿಸಿಡತಕ್ಕದ್ದು.

ವಸತಿಗೆ ಹೆಚ್ಚು ಆಡಂಬರ ಬೇಡ. ಒಂದು ಮೇಕೆಗೆ ಹನ್ನೆರಡು ಚದರ ಅಡಿಯಷ್ಟು ನೆರಳು, ಮಳೆಯ ಎರಚಲು ಬಾರದಂತೆ ಒಂದು ಮರೆ, ಗಾಳಿಯಾಡಲು ತೆರವು, ಇಷ್ಟು ಸಾಕು. ಮೇಕೆಯು ಚಳಿಯನ್ನು ತಾಳೀತು, ಬಿಸಿಲನ್ನೂ ತಾಳೀತು, ತೇವವನ್ನು ತಾಳದು. ಮಲೆನಾಡು ಕರಾವಳಿಗಳಲ್ಲಿ ನೆಲದಿಂದ ಮೂರು ನಾಲ್ಕು ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟ ಕಟ್ಟಿ, ದಬ್ಬೆಗಳ ನಡುವೆ ಹಿಕ್ಕೆ ಉದುರುವಷ್ಟು, ಗೊರಸು ಸಿಕ್ಕಿಕೊಳ್ಳದಷ್ಟು, ಅಂದರೆ ಸುಮಾರು ಅರ್ಧ ಅಂಗುಲದ ಸಂದು ಬಿಡುವ ಪದ್ಧತಿ ಬಹಳ ವಿವೇಕದ್ದು. ಮಲಗುವ ಜಾಗ ಒಣಗಿರುತ್ತದೆ, ಕೆಳಗೆ ಬಿದ್ದ ಹಿಕ್ಕೆ ತೋಟಕ್ಕೆ ಉತ್ಕೃಷ್ಟ ಗೊಬ್ಬರವಾಗುತ್ತದೆ.

ಒಂದೇ ಮೇಕೆಯನ್ನು ತರುವುದೋ ಎರಡನ್ನೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಎರಡು. ಹಿಂಡಿನಲ್ಲಿ ಬಾಳುವುದು ಆಡಿನ ಜನ್ಮಸ್ವಭಾವ. ಒಂಟಿಯಾಗಿ ಗೂಟಕ್ಕೆ ಬಿಗಿಸಿಕೊಂಡ ಮೇಕೆಯು ಹಗಲಿರುಳು ಅರಚುತ್ತದೆ, ಮೇವನ್ನು ಅರೆಬರೆ ತಿನ್ನುತ್ತದೆ, ಹಾಲನ್ನು ಇಳಿಸುತ್ತದೆ. ಮೊದಲ ವರ್ಷವೇ ಬೇಸತ್ತು ಮೇಕೆಯನ್ನು ಮಾರಿಬಿಟ್ಟ ಎಷ್ಟೋ ಮನೆಗಳ ಬೇಸರಕ್ಕೆ ಮೂಲ ಈ ಏಕಾಂತವೇ ಎಂದು ನನಗೆ ತೋರುತ್ತದೆ. ಎರಡನೆಯದು ಹಾಲಿನದೇ ಆಗಬೇಕೆಂದಿಲ್ಲ, ಬೆಳೆಯುವ ಹೆಣ್ಣುಮರಿಯಾದರೂ ಆದೀತು. ಆದರೆ ಬೀಜದ ಹೋತವನ್ನು ಮನೆಯಲ್ಲಿ ಸಾಕುವ ಗೋಜು ಹೊಸಬರಿಗೆ ಬೇಡ. ಅದರ ಗಮಲು ಕರೆದಿಟ್ಟ ಹಾಲಿಗೂ ಅಂಟುವಂಥದು. ಮೇಕೆಯ ಹಾಲು ವಾಸನೆಯೆಂಬ ಅಪವಾದ ಹುಟ್ಟಿಕೊಂಡಿರುವುದು ಬಹುಪಾಲು ಈ ಕಾರಣದಿಂದಲೂ, ಕರೆಯುವವರ ಕೈ, ಪಾತ್ರೆಗಳ ಅಶೌಚದಿಂದಲೂ.

ಹಾಲಿಗೆ ಹೆಸರಾದ ತಳಿಗಳು ಹೆಚ್ಚಾಗಿ ಉತ್ತರದೇಶದವು. ಯಮುನಾ ಚಂಬಲ್ ನದಿಗಳ ನಡುವಣ ಇಟಾವಾ ಪ್ರಾಂತದ ಜಮುನಾಪಾರಿ, ಜೋಲುಗಿವಿ ಬಾಗುಮೂಗುಗಳ ಎತ್ತರದ ಪ್ರಾಣಿ. ಪಂಜಾಬಿನ ಬೀಟಲ್ ಅದಕ್ಕೆ ಹೆಚ್ಚು ಕಡಿಮೆ ಸಮಾನ. ಎರಡೂ ಒಳ್ಳೆಯ ಪೋಷಣೆಯಲ್ಲಿ ದಿನಕ್ಕೆ ಒಂದರಿಂದ ಎರಡು ಲೀಟರಿನವರೆಗೆ ಕೊಡಬಲ್ಲವು. ಆಗ್ರಾ, ಮಥುರಾ, ಅಲಿಗಢ ಪ್ರಾಂತದ ಬಾರ್ಬರಿ ಕುಳ್ಳಗಿದ್ದು, ನೆಟ್ಟಗಿವಿಯದಾಗಿ, ಕಟ್ಟಿ ಮೇಯಿಸಲು ಒಗ್ಗತಕ್ಕದ್ದು. ಹಾಲು ಕೊಂಚ ಕಡಿಮೆಯಾದರೂ ಅವಳಿ ಮರಿಗಳನ್ನು ಹಾಕುವುದರಲ್ಲಿ ಮುಂದು. ಮಥುರಾದ ಬಳಿಯ ಮಖ್ದೂಮಿನಲ್ಲಿ 1979ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೇಕೆ ಸಂಶೋಧನಾ ಸಂಸ್ಥೆಯು ಇವುಗಳ ಸಂವರ್ಧನೆಯಲ್ಲಿ ತೊಡಗಿದೆ. ನಮ್ಮವೇ ಆದ ನಂದಿದುರ್ಗ ಮತ್ತು ಬೀದರಿ ತಳಿಗಳೂ, ಗಡಿಯ ಆಚೆಈಚೆ ಹರಡಿರುವ ಉಸ್ಮಾನಾಬಾದಿಯೂ ಮುಖ್ಯವಾಗಿ ಮಾಂಸದ ತಳಿಗಳು. ಕರಾವಳಿಯ ಮಳೆಗೆ ಹೊಂದಿಕೊಂಡದ್ದು ಕೇರಳದ ಮಲಬಾರಿ. ತಳಿಯ ಹೆಸರಿಗೆ ಮರುಳಾಗಿ ದೂರದಿಂದ ಲಾರಿಯಲ್ಲಿ ತರಿಸಿದ ಪ್ರಾಣಿ, ಹವೆ ಒಗ್ಗದೆ ಮೊದಲ ಮಳೆಗಾಲದಲ್ಲಿಯೇ ಸೊರಗುವುದುಂಟು. ನೆರೆಯ ಊರಿನಲ್ಲಿಯೇ ಎರಡು ಮಳೆಗಾಲ ಕಂಡ, ಮುಕ್ಕಾಲು ಲೀಟರು ಕೊಡುವ ಮಿಶ್ರ ತಳಿಯ ಮೇಕೆಯು ಹೊಸಬರಿಗೆ ಅದಕ್ಕಿಂತ ಮೇಲು.

ಕೊಳ್ಳುವುದು ಸಂತೆಯಲ್ಲಲ್ಲ, ಸಾಕಿದವರ ಮನೆಯಂಗಳದಲ್ಲಿ. ಸಂತೆಯಲ್ಲಿ ದಲ್ಲಾಳಿಯ ಮಾತೇ ಪ್ರಮಾಣ. ಮನೆಯಲ್ಲಿ ತಾಯಿಯೂ ಮರಿಯೂ ಒಡಹುಟ್ಟಿದವೂ ಕಣ್ಣೆದುರು ನಿಂತಿರುತ್ತವೆ. ಮೊದಲ ಸೂಲು ಮುಗಿದು ಎರಡನೆಯ ಸೂಲಿನಲ್ಲಿರುವ ಮೇಕೆ ಪ್ರಶಸ್ತವಾದದ್ದು; ಅದಕ್ಕೆ ಕರೆಸಿಕೊಂಡು ಅಭ್ಯಾಸವಿರುತ್ತದೆ, ಮನೆಯವರಿಗೆ ಅಭ್ಯಾಸವಿಲ್ಲದಿದ್ದರೂ ಅದು ಸಹಿಸಿಕೊಳ್ಳುತ್ತದೆ. ವಯಸ್ಸನ್ನು ತಿಳಿಯಲು ಕೆಳದವಡೆಯ ಮುಂಬಲ್ಲುಗಳನ್ನು ನೋಡಬೇಕು: ನಡುವಣ ಎರಡು ದೊಡ್ಡ ಹಲ್ಲು ಮೂಡಿದ್ದರೆ ಒಂದೂಕಾಲು ವರ್ಷದ ಸುಮಾರು, ನಾಲ್ಕಾಗಿದ್ದರೆ ಎರಡು, ಆರಾಗಿದ್ದರೆ ಮೂರು, ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು. ಕೆಚ್ಚಲು ಕರೆಯುವ ಮೊದಲು ತುಂಬಿ ಬಿಗಿದು, ಕರೆದ ಮೇಲೆ ಬರಿದಾದ ಚೀಲದಂತೆ ಮೆತ್ತಗೆ ಸುಕ್ಕುಗಟ್ಟಬೇಕು. ಕರೆದ ಮೇಲೂ ದಪ್ಪನಾಗಿಯೇ ಉಳಿದರೆ ಅದು ಹಾಲಲ್ಲ, ಮಾಂಸ. ಗಂಟು ಕೈಗೆ ತಗುಲಿದರೆ ಹಿಂದೆ ಕೆಚ್ಚಲುಬಾವು ಬಂದು ಹೋಗಿರುವ ಸಂಭವವುಂಟು. ಎರಡೂ ಮೊಲೆಗಳು ಸಮನಾಗಿ, ನಾಲ್ಕು ಬೆರಳುಗಳಲ್ಲದಿದ್ದರೂ ಮೂರಾದರೂ ಹಿಡಿಯುವಷ್ಟು ಉದ್ದವಾಗಿರಬೇಕು. ಸಂಜೆ ಹೋಗಿ ಎದುರಿನಲ್ಲಿಯೇ ಪೂರ್ತಿ ಕರೆಯಿಸಿ, ಮರಿಯನ್ನು ಬೇರೆ ಕಟ್ಟಿಸಿ, ಮರುದಿನ ಬೆಳಗ್ಗೆ ಮತ್ತೆ ಹೋಗಿ ಎರಡನೆಯ ಸಲವೂ ಕರೆಯಿಸಿ ಅಳೆಯುವವರಿಗೆ ಮೋಸವಾಗುವುದು ಅಪೂರ್ವ, ಏಕೆಂದರೆ ಎರಡು ಹೊತ್ತಿನ ಹಾಲನ್ನು ಕೆಚ್ಚಲಲ್ಲಿಯೇ ತಡೆದು ಒಂದೇ ಹೊತ್ತಿಗೆ ತೋರಿಸುವ ಚಾತುರ್ಯ ಆಗ ನಡೆಯುವುದಿಲ್ಲ.

ಅಲ್ಲಿಯೇ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲನೆ ಇಳಿಸಿ ಒಳಗಿನ ಪೊರೆಯನ್ನು ನೋಡಿದರೆ, ಆರೋಗ್ಯವಂತ ಆಡಿನಲ್ಲಿ ಅದು ನಸುಗೆಂಪಾಗಿರುತ್ತದೆ. ಬಿಳಿಚಿಕೊಂಡಿದ್ದರೆ ಹೊಟ್ಟೆಯೊಳಗೆ ರಕ್ತ ಹೀರುವ ಜಂತುಗಳಿರುವ ಸಂಭವ ಬಹಳ. ಮನೆಗೆ ತಂದ ಮೇಲೂ ಮಳೆಗಾಲದುದ್ದಕ್ಕೂ ಹದಿನೈದು ದಿನಕ್ಕೊಮ್ಮೆ ಈ ರೆಪ್ಪೆಯನ್ನು ನೋಡುವ ರೂಢಿ ಒಳ್ಳೆಯದು. ಜಂತಿನ ಔಷಧಿಯನ್ನು ಪಶುವೈದ್ಯರು ಹಿಕ್ಕೆಯನ್ನು ಪರೀಕ್ಷಿಸಿ ಹೇಳಿದಂತೆ ಕುಡಿಸಬೇಕು. ಪದೇ ಪದೇ ಒಂದೇ ಔಷಧಿಯನ್ನು ಸುರಿದರೆ ಜಂತುಗಳೇ ಅದಕ್ಕೆ ಜಗ್ಗದಂತಾಗುತ್ತವೆ. ಪಿ.ಪಿ.ಆರ್. ಎಂಬ ಮಾರಕ ಸಾಂಕ್ರಾಮಿಕಕ್ಕೆ ಮೂರು ವರ್ಷಕ್ಕೊಮ್ಮೆಯೂ, ಕರುಳುಬೇನೆಗೆ ಪ್ರತಿವರ್ಷ ಮಳೆಗಾಲದ ಮುನ್ನವೂ ಚುಚ್ಚುಮದ್ದು ಹಾಕಿಸತಕ್ಕದ್ದು. ಹೊಸ ಮೇಕೆಯ ಜೊತೆಗೆ ಅದು ಅಲ್ಲಿ ತಿನ್ನುತ್ತಿದ್ದ ಮೇವನ್ನೇ ಒಂದು ವಾರಕ್ಕಾಗುವಷ್ಟು ತಂದು, ಮನೆಯ ಸೊಪ್ಪನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಹೊಟ್ಟೆ ಕೆಡುವುದಿಲ್ಲ. ಮೊದಲ ವಾರ ಹಾಲು ಅರ್ಧಕ್ಕಿಳಿದರೆ ಮಾರಿದವರನ್ನು ಶಂಕಿಸಬಾರದು. ನೆಲೆ ತಪ್ಪಿದ ಪ್ರಾಣಿಗೆ ಅದು ಸಹಜ.

ಕರೆಯುವ ವಿದ್ಯೆಯನ್ನು ಓದಿ ಕಲಿಯಲಾಗದಾದರೂ ಅದರ ತತ್ತ್ವವನ್ನು ತಿಳಿದಿರಬಹುದು. ಮೇಕೆಯ ಮೊಲೆಯನ್ನು ಎಳೆಯುವುದೇ ಕರೆಯುವುದೆಂದು ಭ್ರಮಿಸಿ, ಹೆಬ್ಬೆರಳನ್ನು ಮಡಿಸಿ ಹಿಂಡಿ ಜಗ್ಗುವವರ ಕೈಯಲ್ಲಿ ಕೆಚ್ಚಲು ನೊಂದು ಬಾವಿಗೆ ಗುರಿಯಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆಚ್ಚಲನ್ನು ಒರಸಿ, ಒಣಗಿಸಿ, ತೊರೆ ಬಿಡುವವರೆಗೆ ತುಸು ಸವರಬೇಕು. ಬಳಿಕ ಹೆಬ್ಬೆರಳು ತೋರುಬೆರಳುಗಳ ಉಂಗುರದಿಂದ ಮೊಲೆಯ ಬುಡವನ್ನು ಬಿಗಿದು, ಒಳಗೆ ಇಳಿದ ಹಾಲು ಮೇಲಕ್ಕೆ ಹಿಂದಿರುಗದಂತೆ ತಡೆದು, ನಡುಬೆರಳು, ಉಂಗುರದ ಬೆರಳು, ಕಿರುಬೆರಳುಗಳನ್ನು ಒಂದಾದ ಮೇಲೊಂದರಂತೆ ಮುಚ್ಚುತ್ತ ಬಂದರೆ ಹಾಲು ತಾನೇ ಕೆಳಕ್ಕೆ ಚಿಮ್ಮುತ್ತದೆ. ಉಂಗುರವನ್ನು ಸಡಿಲಿಸಿದೊಡನೆ ಮೊಲೆ ಮತ್ತೆ ತುಂಬುತ್ತದೆ. ಮೊದಲ ಎರಡು ಮೂರು ಧಾರೆಗಳನ್ನು ಪಾತ್ರೆಗೆ ಬಿಡದೆ ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡುವುದು ವಿಹಿತ: ಗರಣೆಯಾಗಲಿ, ರಕ್ತದ ಎಳೆಯಾಗಲಿ ಕಂಡರೆ ಅಂದಿನ ಹಾಲು ಮನೆಗಲ್ಲ, ಅಂದಿನ ಪಯಣ ಪಶುವೈದ್ಯರ ಬಳಿಗೆ. ಕರೆಯುವ ಹೊತ್ತಿಗೆ ಮುಂದಿಡುವ ಹಿಂಡಿ, ಬೂಸಾ, ಮೆಕ್ಕೆಜೋಳದ ನುಚ್ಚಿನ ತಿಂಡಿ ದಿನಕ್ಕೆ ಕಾಲು ಕೆ.ಜಿ.ಯಷ್ಟಿದ್ದು, ಕೊಡುವ ಪ್ರತಿ ಲೀಟರು ಹಾಲಿಗೆ ಇನ್ನೊಂದು 400 ಗ್ರಾಂ ಸೇರಿದರೆ ಸಾಕು. ಬೆಳಗ್ಗೆ ಆರಕ್ಕೆ ಕರೆದ ಮನೆಯು ಸಂಜೆಯೂ ಆರಕ್ಕೇ ಕರೆಯಬೇಕು. ಹೊತ್ತು ತಪ್ಪಿದರೆ ಹಾಲು ಕುಗ್ಗುತ್ತದೆ. ಊರಿಗೆ ಹೋಗಬೇಕಾದಾಗ ಕರೆಯಬಲ್ಲ ಇನ್ನೊಂದು ಕೈಯನ್ನು ಮನೆಯಲ್ಲೋ ನೆರೆಯಲ್ಲೋ ಮೊದಲೇ ತಯಾರಿಸಿಕೊಂಡಿರಬೇಕು.

ಹಾಲನ್ನು ಕಾಸದೆ ಕುಡಿಯಕೂಡದು. ಕಂದು ಹಾಕುವ ಬ್ರೂಸೆಲ್ಲಾ ರೋಗ ಹಸಿಹಾಲಿನ ಮೂಲಕ ಮನುಷ್ಯನಿಗೂ ಅಂಟುತ್ತದೆ. ಕೊಬ್ಬಿನ ಕಣಗಳು ಸಣ್ಣವಾಗಿರುವುದರಿಂದ ಮೇಕೆಯ ಹಾಲು ಹಗುರವೆನ್ನುವ ಮಾತಿಗೆ ಆಧಾರವುಂಟು. ಆದರೆ ಫೋಲಿಕ್ ಆಮ್ಲ ಅದರಲ್ಲಿ ತೀರ ಕಡಿಮೆಯಾದುದರಿಂದ, ವರ್ಷ ತುಂಬದ ಕೂಸಿಗೆ ತಾಯಿಯ ಹಾಲಿಗೆ ಬದಲಾಗಿ ಅದನ್ನೇ ಕುಡಿಸಿದರೆ ರಕ್ತಹೀನತೆ ಬರುತ್ತದೆ. ಹಸುವಿನ ಹಾಲು ಒಗ್ಗದವರಿಗೆಲ್ಲ ಇದು ಒಗ್ಗೀತೆಂಬ ನಂಬಿಕೆಯೂ ಸರಿಯಲ್ಲ.

ಮೇಕೆಯು ಈಯದೆ ಹಾಲಿಲ್ಲವೆಂಬುದನ್ನು ಪಟ್ಟಣದ ಓದುಗರಿಗೆ ಹೇಳಬೇಕಾಗಿದೆ. ಬೆದೆಗೆ ಬಂದ ಮೇಕೆಯು ಬಾಲವನ್ನು ಬಡಿಯುತ್ತ, ಕೂಗುತ್ತ, ಮೇವು ಬಿಟ್ಟು ಒಂದೂವರೆ ದಿನ ಚಡಪಡಿಸುತ್ತದೆ. ಆಗ ಹೋತದ ಬಳಿಗೆ ಕರೆದೊಯ್ಯದಿದ್ದರೆ ಇನ್ನು ಮೂರು ವಾರ ಕಾಯಬೇಕು. ಗಬ್ಬವಾದ ಮೇಲೆ ಈಯಲು ಸುಮಾರು 150 ದಿನ. ಹುಟ್ಟಿದ ಮರಿಗೆ ಮೊದಲ ಗಂಟೆಯೊಳಗೆ ಗಿಣ್ಣುಹಾಲು ಸೇರಲೇಬೇಕು, ರೋಗವನ್ನೆದುರಿಸುವ ಶಕ್ತಿ ಅದಕ್ಕೆ ಬರುವುದು ಆ ಹಾಲಿನಿಂದ ಮಾತ್ರ. ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡು. ಆ ಗಂಡುಮರಿಗಳ ಗತಿಯೇನೆಂಬುದನ್ನು, ಮಕ್ಕಳು ಅವಕ್ಕೆ ಹೆಸರಿಡುವ ಮೊದಲೇ, ಹಿರಿಯರು ಕುಳಿತು ನಿಶ್ಚಯಿಸಬೇಕು. ಮಾಂಸವನ್ನು ತಿನ್ನದ ಮನೆಯವರೂ ಈ ಪ್ರಶ್ನೆಯಿಂದ ಪಾರಾಗಲಾರರು. ಮೊದಲ ವಾರಗಳಲ್ಲಿ ಹಾಲು ಮರಿಯದು. ತಿಂಗಳು ಕಳೆದ ಮೇಲೆ ರಾತ್ರಿ ಮರಿಯನ್ನು ಬೇರೆ ಕಟ್ಟಿ, ಬೆಳಗಿನದನ್ನು ಮನೆಗೂ ಹಗಲಿನದನ್ನು ಮರಿಗೂ ಹಂಚುವ ಕ್ರಮವನ್ನು ನಾನು ಎಲ್ಲಕ್ಕಿಂತ ನ್ಯಾಯವಾದದ್ದೆಂದು ಎಣಿಸುತ್ತೇನೆ. ಮತ್ತೆ ಗಬ್ಬವಾದ ಮೇಕೆಯ ಕಡೆಯ ಎರಡು ತಿಂಗಳು ಹಾಲು ಬತ್ತಿಸಿ, ತಿನ್ನುವುದೆಲ್ಲ ಒಡಲ ಮರಿಗೆ ದಕ್ಕುವಂತೆ ಬಿಡಬೇಕು. ಎರಡು ಮೇಕೆಗಳನ್ನು ನಾಲ್ಕೈದು ತಿಂಗಳ ಅಂತರದಲ್ಲಿ ಹೋತಕ್ಕೆ ಕೊಡಿಸಿರುವ ಮನೆಗೆ ಆ ಎರಡು ತಿಂಗಳಲ್ಲಿಯೂ ಕಾಫಿಗೆ ಹಾಲಿನ ಕೊರತೆಯಾಗುವುದಿಲ್ಲ.